ಕೈಯಾರೆ ಮಾಡಿ ಕೈಬಿಡುವವರು

ಗಿಟಾರ್ ನುಡಿಸುವವರ ಲೋಕದಲ್ಲಿ ‘ಬೂಟಿಕ್’ ಎಂಬ ಪದಕ್ಕೆ ಈಗ ತೀರ್ಥಪ್ರಸಾದದ ಮರ್ಯಾದೆ ಇದೆ. ದೊಡ್ಡ ಕಾರ್ಖಾನೆಯಿಂದ ಸಾವಿರಗಟ್ಟಲೆ ಉದುರಿದ್ದಲ್ಲ, ಅಮೆರಿಕದ್ದೋ ಯುರೋಪಿನದ್ದೋ ಒಂದು ಸಣ್ಣ ಊರಿನಲ್ಲಿ ಇಬ್ಬರು ಮೂವರು ಕೂತು ಒಂದೊಂದೇ ತಂತಿಗೆ ಬೆಸುಗೆ ಹಾಕಿ ಮಾಡಿದ್ದು ಎಂದು ಅದರ ಅರ್ಥ. ಅಂಥ ಪೆಟ್ಟಿಗೆಯ ತಳದಲ್ಲಿ ಮಾರ್ಕರ್ ಪೆನ್ನಿನಲ್ಲಿ ಬರೆದ ಕ್ರಮಸಂಖ್ಯೆ ಇರುತ್ತದೆ, ಮಾಡಿದವರ ಸಹಿ ಇರುತ್ತದೆ, ಕೆಲವೊಮ್ಮೆ ಕೈಬರಹದ ಒಂದು ಥ್ಯಾಂಕ್ಸ್ ಚೀಟಿಯೂ ಇರುತ್ತದೆ. ಬೆಲೆ ಕಾರ್ಖಾನೆ ಮಾಲಿನ ಎರಡು ಮೂರು ಪಟ್ಟು. ಕೊಂಡವರು ಅದನ್ನು ಬೆಲೆ ಎನ್ನುವುದಿಲ್ಲ, ಕಲೆಗೆ ಕೊಟ್ಟ ಕಾಣಿಕೆ ಎನ್ನುತ್ತಾರೆ. ಹುಂಡಿಗೆ ಹಾಕಿದ ಮೇಲೆ ಲೆಕ್ಕ ಕೇಳುವ ರೂಢಿ ನಮ್ಮಲ್ಲಿಲ್ಲ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಲೆಕ್ಕ ಕೇಳಲೇಬೇಕು ಎಂಬುದು ನನ್ನ ವಾದ. ‘ಕೈಯಿಂದ ಮಾಡಿದ್ದು’ ಎಂಬ ಮಾತು ವಸ್ತುವಿನ ಬೆಲೆ ಏರಿಸುವ ಅಲಂಕಾರವಾಗಿ ಮಾತ್ರ ಉಳಿದರೆ ಅದು ಮೋಸ. ಮಾಡಿದ ಕೈ ಯಾವುದೆಂದು ಗೊತ್ತಿದೆ ಎಂದಾದರೆ, ಕೆಟ್ಟಾಗ ಹಿಡಿಯಬೇಕಾದ ಕೈ ಯಾವುದೆಂದೂ ಗೊತ್ತಿರಬೇಕು. ಈ ವಾದಕ್ಕೆ ನಾನು ಸಾಕ್ಷಿಯಾಗಿ ಕರೆಯುತ್ತಿರುವುದು ಎಕ್ಸ್‌ಪ್ರೆಶನ್ ಪೆಡಲ್ ಎಂಬ ಒಂದು ಸಣ್ಣ ವಸ್ತುವನ್ನು.

ಸಾಹಿತ್ಯದ ಓದುಗರಿಗೆ ಇದರ ಪರಿಚಯ ಇರಲಿಕ್ಕಿಲ್ಲ. ಕಾರಿನ ಆಕ್ಸಿಲರೇಟರ್‌ನಂತೆ ಪಾದದ ಕೆಳಗೆ ಮುಂದಕ್ಕೂ ಹಿಂದಕ್ಕೂ ತೂಗುವ ಒಂದು ಹಲಗೆ ಅದು. ಕೈ ತಂತಿಯ ಮೇಲಿರುವಾಗ ಕಾಲಿನಿಂದ ಧ್ವನಿಯನ್ನು ತಿದ್ದುವುದಕ್ಕೆ ಬಳಸುತ್ತಾರೆ. ಪ್ರತಿಧ್ವನಿ ಹೆಚ್ಚಿಸಬೇಕು, ಶ್ರುತಿಯನ್ನು ಮೇಲಕ್ಕೆ ಎಳೆಯಬೇಕು, ಸದ್ದು ದೂರದಿಂದ ಹತ್ತಿರ ಬಂದಂತೆ ಕೇಳಿಸಬೇಕು ಎಂದರೆ ಪಾದ ಒತ್ತಬೇಕು. ಕಾಲಿನಿಂದ ಸಂಗೀತ ನಡೆಸುವುದು ನಮಗೆ ಹೊಸದೇನೂ ಅಲ್ಲ. ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಉಸಿರಾಡುತ್ತಿದ್ದುದೇ ಕಾಲಿನಿಂದ. ಗಿಟಾರ್ ಲೋಕಕ್ಕೂ ಈ ತೂಗುಹಲಗೆ ಬಂದಿದ್ದು ಆರ್ಗನ್ ವಾದ್ಯದಿಂದಲೇ. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಎಂಬ ಎಂಜಿನಿಯರ್ ಒಂದು ಸರ್ಕ್ಯೂಟನ್ನು ವಾಕ್ಸ್ ಆರ್ಗನ್ನಿನ ವಾಲ್ಯೂಮ್ ಪೆಡಲಿನೊಳಗೆ ಕೂರಿಸಿ ನೋಡಿದರು. ಅದೇ ವಾ-ವಾ ಪೆಡಲ್ ಆಯಿತು. ಎರಡೇ ವರ್ಷಕ್ಕೆ ಜಿಮಿ ಹೆಂಡ್ರಿಕ್ಸ್ ಅದನ್ನು ಮಾತಾಡಿಸಿ ತೋರಿಸಿದ.

ಆದರೆ ವಾ ಪೆಡಲಿಗೂ ಎಕ್ಸ್‌ಪ್ರೆಶನ್ ಪೆಡಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನನ್ನ ವಾದ ನಿಂತಿರುವುದು ಅದರ ಮೇಲೆ. ಎಕ್ಸ್‌ಪ್ರೆಶನ್ ಪೆಡಲಿನೊಳಗೆ ಸಂಗೀತ ಹರಿಯುವುದೇ ಇಲ್ಲ. ಹಲಗೆ ಎಷ್ಟು ಬಾಗಿದೆ ಎಂಬ ಸುದ್ದಿಯನ್ನಷ್ಟೇ ಅದು ಇನ್ನೊಂದು ಯಂತ್ರಕ್ಕೆ ಮುಟ್ಟಿಸುತ್ತದೆ. ಬೂಟಿಕ್ ಪೆಟ್ಟಿಗೆಗಳ ಬಗ್ಗೆ ಕೇಳಿಬರುವ ಮಾಯಾಜಾಲದ ಮಾತುಗಳಿಗೆ, ಅಂದರೆ ‘ಹಳೇ ಟ್ರಾನ್ಸಿಸ್ಟರಿನ ನಾದ’, ‘ಕೈಬೆಸುಗೆಯ ಬೆಚ್ಚನೆ ಧ್ವನಿ’ ಇತ್ಯಾದಿಗಳಿಗೆ, ಇಲ್ಲಿ ಜಾಗವೇ ಇಲ್ಲ. ಇದರಿಂದ ಒಳ್ಳೆಯ ನಾದ ಬರುತ್ತದೆ ಎಂದು ಯಾರೂ ಹೇಳುವಂತಿಲ್ಲ. ಇದು ಗಟ್ಟಿಯಾಗಿರಬೇಕು, ಸರಾಗವಾಗಿ ತೂಗಬೇಕು, ಸುಳ್ಳು ಸುದ್ದಿ ಹೇಳಬಾರದು. ನೋಡಬೇಕಾದದ್ದು ಕಟ್ಟೋಣವನ್ನು ಮಾತ್ರ. ಕುಶಲಕರ್ಮಿಯ ಕಸುಬನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು.

ಒಳಗೆ ಏನಿರುತ್ತದೆ ನೋಡೋಣ. ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಒಂದು ಪೊಟೆನ್ಶಿಯೋಮೀಟರ್ ಕಾಣುತ್ತದೆ. ಅಂಗಡಿಯವರ ಬಾಯಲ್ಲಿ ಅದು ‘ಪಾಟ್’. ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯ ಹಿಂದೆ ಇರುವುದೂ ಅದೇ. ಅದಕ್ಕೊಂದು ಹಲ್ಲಿನ ಚಕ್ರ, ಚಕ್ರವನ್ನು ತಿರುಗಿಸುವ ಹಲ್ಲಿನ ಪಟ್ಟಿ, ಒಂದು ಜಾಕ್, ಮೂರು ತುಂಡು ವೈರು, ಹಲಗೆಯನ್ನು ಹಿಡಿದಿಡುವ ಕೀಲು. ಇಷ್ಟೇ. ಪಾಟ್‌ನ ಒಳಗೆ ಇಂಗಾಲ ಲೇಪಿಸಿದ ಒಂದು ಬಳೆ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಒಂದು ಲೋಹದ ಬೆರಳು. ಬೆರಳು ಎಲ್ಲಿದೆ ಎಂಬುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ. ಉಜ್ಜಿದ್ದು ಸವೆಯಲೇಬೇಕು. ಲೇಪ ಸವೆದ ಜಾಗದಲ್ಲಿ ಬೆರಳಿಗೆ ನೆಲೆ ತಪ್ಪುತ್ತದೆ, ಸುದ್ದಿ ಜಿಗಿಯುತ್ತದೆ. ಸಾಮಾನ್ಯ ವಾಲ್ಯೂಮ್ ಗುಂಡಿಯಲ್ಲಾದರೆ ಕರಕರ ಸದ್ದು ಬಂದು ಹೋಗುತ್ತದೆ. ಇಲ್ಲಿ ಹಾಗಲ್ಲ. ನಿಧಾನವಾಗಿ ಏರಬೇಕಾದ ಶ್ರುತಿ ವೇದಿಕೆಯ ಮೇಲೆ ಎಲ್ಲರೆದುರು ಎರಡು ಸ್ವರ ಹಾರಿ ಬೀಳುತ್ತದೆ.

ಸಾಧಾರಣ ಇಂಗಾಲದ ಪಾಟ್‌ಗಳನ್ನು ಮಾಡುವ ಕಂಪನಿಗಳು ಹತ್ತರಿಂದ ಹದಿನೈದು ಸಾವಿರ ಸುತ್ತಿನವರೆಗೆ ಭರವಸೆ ಕೊಡುತ್ತವೆ. ವಾಲ್ಯೂಮ್ ಗುಂಡಿಗೆ ಅದು ಧಾರಾಳವಾಯಿತು, ದಿನಕ್ಕೆ ಹತ್ತು ಸಲ ತಿರುಗಿಸಿದರೂ ಮೂರು ನಾಲ್ಕು ವರ್ಷ ಬರುತ್ತದೆ. ಪೆಡಲಿನ ಲೆಕ್ಕ ಬೇರೆ. ಒಂದು ಹಾಡಿಗೆ ಇಪ್ಪತ್ತು ಸಲ ಹಲಗೆ ತೂಗಿತು ಎನ್ನಿ, ದಿನಕ್ಕೆ ಹತ್ತು ಹಾಡಿನ ಅಭ್ಯಾಸ ಎನ್ನಿ. ದಿನಕ್ಕೆ 200 ಸುತ್ತು. 15,000 ಸುತ್ತು ಮುಗಿಯಲು 75 ದಿನ ಸಾಕು. ಎಪ್ಪತ್ತಾರನೆಯ ದಿನ ಅದು ಸತ್ತುಹೋಗುತ್ತದೆ ಎಂದಲ್ಲ. ಅಲ್ಲಿಂದ ಮುಂದೆ ಪಾಟ್ ಮಾಡಿದವರ ಭರವಸೆ ಇಲ್ಲ ಎಂದಷ್ಟೇ. ಪೆಡಲ್ ಮಾಡಿದವರು ಆ ಭರವಸೆಯನ್ನು ಎಲ್ಲಿಂದ ತಂದರು?

ಇದಕ್ಕೆ ಪರಿಹಾರವಿಲ್ಲ ಎಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪರಿಹಾರ ಬಹಳ ಹಿಂದಿನಿಂದ ಇದೆ. ವಿದ್ಯುತ್ ಹರಿಸುವ ಪ್ಲಾಸ್ಟಿಕ್ ಲೇಪದ ಪಾಟ್‌ಗಳು ಲಕ್ಷಗಟ್ಟಲೆ ಸುತ್ತು ಬಾಳುತ್ತವೆ. ಮಾರ್ಲಿ ಕಂಪನಿ ದಶಕಗಳಿಂದ ಬೆಳಕಿನ ದಾರಿ ಹಿಡಿದಿದೆ. ಅಲ್ಲಿ ಹಲಗೆ ಬಾಗಿದಂತೆ ಒಂದು ಸಂವೇದಕದ ಮೇಲೆ ಬೀಳುವ ಬೆಳಕು ಹೆಚ್ಚು ಕಡಿಮೆಯಾಗುತ್ತದೆ, ಒಂದಕ್ಕೊಂದು ಉಜ್ಜುವ ಪ್ರಶ್ನೆಯೇ ಇಲ್ಲ. ಜರ್ಮನಿಯ ಲೇಲೆ ಕಂಪನಿ ತನ್ನ ವಾಲ್ಯೂಮ್ ಪೆಡಲಿನಲ್ಲಿ ಅಯಸ್ಕಾಂತವನ್ನೂ ಅದನ್ನು ಓದುವ ಸಂವೇದಕವನ್ನೂ ಇಟ್ಟಿದೆ, ಅಲ್ಲಿಯೂ ಉಜ್ಜಾಟವಿಲ್ಲ. ಪಾಟನ್ನೇ ಬಳಸುತ್ತೇವೆ ಎಂದರೆ ಅದೂ ತಪ್ಪಲ್ಲ. ಸವೆಯುತ್ತದೆ ಎಂದು ಮೊದಲೇ ಹೇಳಿ, ಅಂಗಡಿಯಲ್ಲಿ ಸಿಗುವ ಅಳತೆಯ ಪಾಟ್ ಹಾಕಿ, ಬದಲಿಸುವುದು ಹೇಗೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಆಯಿತು. ಇನ್ನೂರು ಡಾಲರ್ ಕೇಳುವವರು ಇಷ್ಟನ್ನೂ ಮಾಡದೆ, ಮೇಲೆ ಮಾತ್ರ ಸೊಗಸಾದ ಪೌಡರ್ ಕೋಟಿಂಗ್ ಹೊಡೆದು, ಬೀಟೆ ಮರದ ಪಟ್ಟಿ ಅಂಟಿಸಿ ಕಳಿಸುತ್ತಾರಲ್ಲ, ಅದನ್ನು ಏನೆನ್ನಬೇಕು? ಬುಡ ಗೆದ್ದಲು ಹಿಡಿದ ಬಾಗಿಲಿಗೆ ತೋರಣ ಕಟ್ಟಿದ ಹಾಗೆ.

ತೂಕದ ಬಗ್ಗೆಯೂ ಒಂದು ಮೂಢನಂಬಿಕೆ ಇದೆ. ಕೈಗೆ ಭಾರ ಎನಿಸಿದರೆ ಗಟ್ಟಿ ಎಂದು ನಂಬುತ್ತೇವೆ. ಅಲ್ಯೂಮಿನಿಯಂ ಎರಕದ ಹೊರಕವಚವನ್ನು ಎತ್ತಿ ನೋಡಿ ‘ಟ್ಯಾಂಕ್ ಇದ್ದ ಹಾಗಿದೆ’ ಎನ್ನುತ್ತೇವೆ. ಪೆಡಲಿನ ಹೊರಕವಚ ಮುರಿದದ್ದನ್ನು ನಾನು ಇದುವರೆಗೆ ಕಂಡಿಲ್ಲ. ಹಾಳಾಗುವುದು ಯಾವಾಗಲೂ ಒಳಗಿನ ಚಿಲ್ಲರೆ ಸಾಮಾನು. ಚಕ್ರವನ್ನು ಹಿಡಿದಿಟ್ಟ ಒಂದು ಪುಟ್ಟ ಸ್ಕ್ರೂ ಸಡಿಲವಾಗುತ್ತದೆ, ಕೀಲಿನ ಬೋಲ್ಟು ಸವೆಯುತ್ತದೆ, ಜಾಕಿನ ಬಳಿ ವೈರು ತುಂಡಾಗುತ್ತದೆ. ರೋಲ್ಯಾಂಡ್, ಮೂಗ್ ಕಂಪನಿಗಳ ಪ್ಲಾಸ್ಟಿಕ್ ಪೆಡಲುಗಳನ್ನು ಆಟಿಕೆ ಎಂದು ಜರೆಯುವವರು ಬಹಳ. ಆದರೆ ಪ್ಲಾಸ್ಟಿಕ್ ಕವಚದೊಳಗಿನ ಪಾಟ್‌ಗೂ ಮೂರು ಪಟ್ಟು ಬೆಲೆಯ ಲೋಹದ ಕವಚದೊಳಗಿನ ಪಾಟ್‌ಗೂ ವ್ಯತ್ಯಾಸವಿಲ್ಲ ಎಂದಾದರೆ, ಆ ಮೂರು ಪಟ್ಟು ಬೆಲೆ ಕೊಟ್ಟಿದ್ದು ಬರೀ ತೂಕಕ್ಕೆ. ಗುಜರಿಯವನು ಕೂಡ ತೂಕಕ್ಕೇ ಬೆಲೆ ಕಟ್ಟುತ್ತಾನೆ.

ಇನ್ನೊಂದು ಹಗರಣ ಜಾಕಿನದ್ದು. ಎಕ್ಸ್‌ಪ್ರೆಶನ್ ಪೆಡಲಿನ ಪಿನ್ನಿನಲ್ಲಿ ಮೂರು ಭಾಗ: ತುದಿ, ಉಂಗುರ, ತೋಳು. ಪಾಟ್‌ನ ಬೆರಳನ್ನು ಕೆಲವು ಕಂಪನಿಗಳು ತುದಿಗೆ ಜೋಡಿಸುತ್ತವೆ, ಇನ್ನು ಕೆಲವು ಉಂಗುರಕ್ಕೆ. ಒಂದು ಪದ್ಧತಿಯ ಪೆಡಲನ್ನು ಇನ್ನೊಂದು ಪದ್ಧತಿಯ ಯಂತ್ರಕ್ಕೆ ಚುಚ್ಚಿದರೆ ಅದು ಸತ್ತಂತಿರುತ್ತದೆ, ಇಲ್ಲವೇ ಕೊನೆಯ ಅರ್ಧ ಇಂಚಿನಲ್ಲಿ ಮಾತ್ರ ಥಟ್ಟನೆ ಎಚ್ಚರಗೊಳ್ಳುತ್ತದೆ. 1983ರಲ್ಲಿ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮುಂತಾದವರ ಪ್ರಯತ್ನದಿಂದ ಪರಸ್ಪರ ಪೈಪೋಟಿಯ ಕಂಪನಿಗಳೆಲ್ಲ ಒಂದಾಗಿ ಮಿಡಿ ಎಂಬ ಸಾಮಾನ್ಯ ಭಾಷೆಯನ್ನು ಒಪ್ಪಿಕೊಂಡವು. ಅದರಲ್ಲಿ ‘ಎಕ್ಸ್‌ಪ್ರೆಶನ್’ಗೆಂದೇ ಹನ್ನೊಂದನೆಯ ಸಂಖ್ಯೆಯನ್ನು ಮೀಸಲಿಟ್ಟಿದ್ದಾರೆ. ಅಷ್ಟು ದೊಡ್ಡ ಒಪ್ಪಂದ ಸಾಧ್ಯವಾದ ಲೋಕದಲ್ಲಿ ಮೂರು ತುಂಡು ವೈರಿನ ಬಗ್ಗೆ ನಲವತ್ತು ವರ್ಷದಿಂದ ಒಮ್ಮತವಿಲ್ಲ. ಮೂಗ್ ಕಂಪನಿ ತನ್ನ ಪ್ಲಾಸ್ಟಿಕ್ ಪೆಡಲಿನ ಮೇಲೆ ಒಂದು ಸ್ವಿಚ್ ಇಟ್ಟು ಎರಡು ಪದ್ಧತಿಗೂ ದಾರಿ ಮಾಡಿತು. ಚಿಲ್ಲರೆ ಕಾಸಿನ ಸ್ವಿಚ್ ಅದು. ‘ನುಡಿಸುವವರಿಗಾಗಿ ನುಡಿಸುವವರೇ ಮಾಡಿದ್ದು’ ಎಂದು ಎದೆ ತಟ್ಟಿಕೊಳ್ಳುವ ಎಷ್ಟೋ ಬೂಟಿಕ್ ಪೆಡಲುಗಳಲ್ಲಿ ಅದು ಇರುವುದಿಲ್ಲ. ಯಾವ ಯಂತ್ರಕ್ಕೆ ಹೊಂದುತ್ತದೆ ಎಂಬ ಪಟ್ಟಿ ಕೇಳಿದರೆ ‘ಬಹುತೇಕ ಎಲ್ಲಕ್ಕೂ’ ಎಂಬ ಉತ್ತರ ಬರುತ್ತದೆ. ಕೊಂಡವರ ಯಂತ್ರ ಆ ‘ಬಹುತೇಕ’ದ ಆಚೆಗೆ ಬಿದ್ದರೆ ಅದು ಅವರ ಹಣೆಬರಹ.

ಈಗ ಸೇವೆಯ ಮಾತು. ಮೂರು ವರ್ಷದ ಹಿಂದೆ ಫೆಲೋಶಿಪ್ಪಿನ ಹಣ ಕೂಡಿಟ್ಟು ನಾನೂ ಅಂಥದ್ದೊಂದು ಪೆಡಲ್ ತರಿಸಿಕೊಂಡಿದ್ದೆ. ಮಾಡಿದವರ ಹೆಸರು ಇಲ್ಲಿ ಬೇಡ, ನನ್ನ ಜಗಳ ಒಬ್ಬರ ಜೊತೆಗಲ್ಲ. ಎಂಟನೆಯ ತಿಂಗಳಿಗೆ ಸುದ್ದಿ ಜಿಗಿಯತೊಡಗಿತು. ಮೇಲ್ ಬರೆದೆ. ಹತ್ತೊಂಬತ್ತು ದಿನಕ್ಕೆ ಉತ್ತರ ಬಂತು, ಬಹಳ ಪ್ರೀತಿಯ ಉತ್ತರ. ವಿಡಿಯೋ ಕಳಿಸಿ ಎಂದರು, ಕಳಿಸಿದೆ. ವಾರಂಟಿ ಇದೆ, ಆದರೆ ಹೋಗುವ ಬರುವ ಕೊರಿಯರ್ ಖರ್ಚು, ಕಸ್ಟಮ್ಸ್ ಎಲ್ಲ ನಿಮ್ಮದು ಎಂದರು. ಲೆಕ್ಕ ಹಾಕಿದರೆ ಅದು ಪೆಡಲಿನ ಅರ್ಧ ಬೆಲೆ ದಾಟುತ್ತಿತ್ತು. ಹಾಗಾದರೆ ಪಾಟ್‌ನ ಅಳತೆ ಹೇಳಿ, ನಾನೇ ಹಾಕಿಕೊಳ್ಳುತ್ತೇನೆ ಎಂದೆ. ಅದು ನಮ್ಮ ವಿನ್ಯಾಸದ ಗುಟ್ಟು, ನೀವು ತೆರೆದರೆ ವಾರಂಟಿ ಹೋಗುತ್ತದೆ ಎಂಬ ಉತ್ತರ ಬಂತು. ಆಮೇಲೆ ಉತ್ತರವೇ ಇಲ್ಲ. ತೆರೆದು ನೋಡಿದರೆ ಗುಟ್ಟೆಂದರೆ ಎಲ್ಲೆಡೆ ಸಿಗುವ ಇಂಗಾಲದ ಪಾಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದೇ ಮೌಲ್ಯದ್ದು ಒಂದು ಊಟದ ಬೆಲೆಗಿಂತ ಕಡಿಮೆಗೆ ಸಿಕ್ಕಿತು. ಆದರೆ ಕೂರಲಿಲ್ಲ. ಮೂಲ ಪಾಟ್‌ನ ಕಡ್ಡಿಯನ್ನು ತಮ್ಮ ಚಕ್ರಕ್ಕೆ ಹೊಂದುವಂತೆ ಅರದಿಂದ ಉಜ್ಜಿ ತೆಳುಮಾಡಿದ್ದರು. ಕೈಕೆಲಸ ಎಂದರೆ ಅದೊಂದೇ. ಇಡೀ ಪೆಟ್ಟಿಗೆಯಲ್ಲಿ ಮನುಷ್ಯನ ಕೈ ಆಡಿದ ಗುರುತು ಕಂಡಿದ್ದು, ಇನ್ನೊಬ್ಬರ ಕೈಯಿಂದ ರಿಪೇರಿ ಆಗದಂತೆ ತಡೆದ ಆ ಜಾಗದಲ್ಲಿ ಮಾತ್ರ.

ಇದನ್ನು ಹೇಳಿದಾಗಲೆಲ್ಲ ಗೆಳೆಯರು ಎದುರು ನಿಲ್ಲುತ್ತಾರೆ. ‘ಪಾಪ, ಇಬ್ಬರೇ ಇದ್ದಾರೆ, ಅವರೇ ಮಾಡಬೇಕು, ಅವರೇ ಪ್ಯಾಕ್ ಮಾಡಬೇಕು, ಅವರೇ ಮೇಲ್ ನೋಡಬೇಕು. ದೊಡ್ಡ ಕಂಪನಿಯಿಂದ ಬಯಸುವ ಸೇವೆಯನ್ನು ಅವರಿಂದ ಬಯಸುವುದು ಕ್ರೌರ್ಯ’ ಎನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ. ಸಣ್ಣವರ ಬಳಿ ಕಾಲ್ ಸೆಂಟರ್ ಇರುವುದಿಲ್ಲ. ಭಾರತಕ್ಕೆ ಬಿಟ್ಟಿಯಾಗಿ ಕೊರಿಯರ್ ಕಳಿಸಿದರೆ ಅವರ ಲಾಭವೆಲ್ಲ ಹೋಗುತ್ತದೆ. ನಾನು ಕೇಳುತ್ತಿರುವುದು ಅದನ್ನಲ್ಲ. ಅಳತೆ ಹೇಳಲು ಕಾಲ್ ಸೆಂಟರ್ ಬೇಡ. ಅಂಗಡಿಯಲ್ಲಿ ಸಿಗುವ ಪಾಟ್ ಹಾಕಲು ಹೆಚ್ಚು ಖರ್ಚಿಲ್ಲ. ಸೇವೆ ಕೊಡಲಾಗದಷ್ಟು ಸಣ್ಣವರಾಗಿದ್ದರೆ ಸೇವೆಯೇ ಬೇಕಾಗದ ಹಾಗೆ, ಇಲ್ಲವೇ ಯಾರು ಬೇಕಾದರೂ ಸೇವೆ ಮಾಡಬಹುದಾದ ಹಾಗೆ ಕಟ್ಟಬೇಕು. ದೊಡ್ಡ ಕಂಪನಿಯ ಬಳಿ ಬಿಡಿಭಾಗದ ಗೋದಾಮು ಇರುತ್ತದೆ, ಅದು ರಿಪೇರಿಯಾಗದ ವಸ್ತು ಮಾಡಿಯೂ ದಕ್ಕಿಸಿಕೊಂಡೀತು. ಸಣ್ಣವರಿಗೆ ಆ ಸವಲತ್ತಿಲ್ಲ. ಸಣ್ಣತನ ರಿಯಾಯಿತಿ ಕೊಡುವುದಿಲ್ಲ, ಹೊಣೆಯನ್ನು ಹೆಚ್ಚಿಸುತ್ತದೆ.

ನಮ್ಮೂರಿನಲ್ಲಿ ಬೂಟಿಕ್ ಎಂದರೆ ಬ್ಲೌಸ್ ಹೊಲಿಯುವ ಅಂಗಡಿ. ಅಲ್ಲಿನ ಟೈಲರ್ ಹೊಲಿಗೆಯ ಒಳಗಡೆ ಎರಡು ಬೆರಳಿನಷ್ಟು ಬಟ್ಟೆ ಬಿಟ್ಟಿರುತ್ತಾರೆ. ನಾಳೆ ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಿಕೊಳ್ಳಲಿ ಎಂದು. ಬಿಚ್ಚುವವರು ತಾವೇ ಆಗಿರಬೇಕೆಂಬ ಷರತ್ತಿಲ್ಲ, ಯಾವ ಊರಿನ ಯಾವ ಟೈಲರ್ ಬೇಕಾದರೂ ಬಿಚ್ಚಬಹುದು. ಹಾರ್ಮೋನಿಯಂ ರಿಪೇರಿ ಮಾಡುವವರೂ ಹಾಗೆಯೇ. ಪೆಟ್ಟಿಗೆ ಯಾವ ಊರಿನದ್ದಾದರೂ ತೆರೆದು, ಹಿತ್ತಾಳೆಯ ರೀಡು ಕೆರೆದು ಶ್ರುತಿ ಕೂಡಿಸಿ ಕೊಡುತ್ತಾರೆ. ಇವರ್ಯಾರೂ ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳುವುದಿಲ್ಲ, ಕ್ರಮಸಂಖ್ಯೆ ಬರೆದು ಸಹಿ ಹಾಕುವುದಿಲ್ಲ. ಕುಶಲಕರ್ಮದ ಬಗ್ಗೆ ರಿಚರ್ಡ್ ಸೆನೆಟ್ 2008ರಲ್ಲಿ ‘ದಿ ಕ್ರಾಫ್ಟ್ಸ್‌ಮನ್’ ಎಂಬ ಪುಸ್ತಕ ಬರೆದರು. ರಿಪೇರಿಯನ್ನು ಕಸುಬಿನ ಹೊರಗಿನ ಚಾಕರಿ ಎಂದು ಅವರು ನೋಡುವುದಿಲ್ಲ, ವಸ್ತುವನ್ನು ಅರಿಯುವ ದಾರಿಗಳಲ್ಲಿ ಒಂದು ಎಂದು ನೋಡುತ್ತಾರೆ. ನಮ್ಮ ಟೈಲರ್‌ಗೆ ಇದು ಪುಸ್ತಕ ಓದದೆಯೇ ಗೊತ್ತು.

ಕೈಕೆಲಸಕ್ಕೆ ನಮ್ಮಲ್ಲಿ ಗೌರವ ಬಂದಿರುವುದು ಸುಮ್ಮನೆ ಅಲ್ಲ. ರಂಗಕರ್ಮಿ ಪ್ರಸನ್ನ 2017ರಲ್ಲಿ ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡ ಎಂದು ಸತ್ಯಾಗ್ರಹಕ್ಕೆ ಇಳಿದಾಗ ಅದರ ಹಿಂದೆ ನೇಕಾರರ, ಕುಂಬಾರರ, ಚಮ್ಮಾರರ ಹೊಟ್ಟೆಪಾಡಿನ ಪ್ರಶ್ನೆ ಇತ್ತು. ಶರಣರು ಕಾಯಕ ಎಂದಾಗಲೂ ದುಡಿಯುವವರು ಮೊದಲು ತಮ್ಮ ಲೆಕ್ಕವನ್ನೇ ಒಪ್ಪಿಸಬೇಕಿತ್ತು. ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದ ಕತೆ ನಮಗೆಲ್ಲ ಗೊತ್ತು. ಈ ಗೌರವವನ್ನೇ ಬಂಡವಾಳ ಮಾಡಿಕೊಂಡು, ಲೆಕ್ಕವನ್ನು ಮಾತ್ರ ಬಿಟ್ಟರೆ ಉಳಿಯುವುದು ಜಾಹೀರಾತು. ತಾನು ಕೈಯಾರೆ ಮಾಡಿಸಿದ ವಸ್ತುಗಳು ಸಿರಿವಂತರ ಮನೆಗಷ್ಟೇ ಹೋಗುತ್ತಿವೆಯಲ್ಲ ಎಂದು ಇಂಗ್ಲೆಂಡಿನ ವಿಲಿಯಂ ಮಾರಿಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಸಂಕಟಪಟ್ಟಿದ್ದ. ಇವತ್ತಿನ ಬೂಟಿಕ್ ಲೋಕಕ್ಕೆ ಆ ಸಂಕಟವೂ ಇಲ್ಲ.

ಗುಟ್ಟಿನ ಆರಾಧನೆಗೆ ಒಂದು ಪ್ರಸಿದ್ಧ ಉದಾಹರಣೆ ಇದೆ. 1990ರ ದಶಕದಲ್ಲಿ ಬಿಲ್ ಫಿನ್ನೆಗನ್ ಎಂಬಾತ ಕ್ಲಾನ್ ಸೆಂಟಾರ್ ಎಂಬ ಪೆಡಲನ್ನು ಕೈಯಾರೆ ಮಾಡಿ ಮಾರಿದರು. ಸರ್ಕ್ಯೂಟ್ ಯಾರಿಗೂ ಕಾಣದಿರಲಿ ಎಂದು ಅದರ ಮೇಲೆ ಎಪಾಕ್ಸಿ ಅಂಟು ಸುರಿದು ಮುಚ್ಚಿದರು. ಫಲ ಏನಾಯಿತು? ಅಂಟನ್ನು ಕೆರೆದು ತೆಗೆದವರು ಸರ್ಕ್ಯೂಟನ್ನು ಬಯಲು ಮಾಡಿದರು, ನಕಲುಗಳು ಹುಟ್ಟಿದವು. ಮೂಲದ ಪೆಟ್ಟಿಗೆ ಇಂದು ಸಾವಿರಾರು ಡಾಲರಿಗೆ ಮಾರಾಟವಾಗುತ್ತದೆ. ಗುಟ್ಟು ಉಳಿಯಲಿಲ್ಲ, ಉಳಿದಿದ್ದು ಅಂಟು. ಫಿನ್ನೆಗನ್ ಅವರ ಪೆಡಲಿನಲ್ಲಿ ಕಾಯುವಂಥ ವಿನ್ಯಾಸವಾದರೂ ಇತ್ತು ಎನ್ನಬಹುದು. ಒಂದು ಪಾಟ್, ಒಂದು ಜಾಕ್, ಮೂರು ವೈರಿನ ಎಕ್ಸ್‌ಪ್ರೆಶನ್ ಪೆಡಲಿನಲ್ಲಿ ಏನನ್ನು ಕಾಯುತ್ತಿದ್ದಾರೆ? ಕಾಯುತ್ತಿರುವುದು ಒಳಗೆ ಏನೂ ಇಲ್ಲ ಎಂಬ ಸಂಗತಿಯನ್ನೇ.

ಕಾನೂನು ಕೂಡ ನಿಧಾನವಾಗಿ ಈ ಕಡೆ ತಿರುಗುತ್ತಿದೆ. ತಮ್ಮ ಬಿಡಿಭಾಗ, ತಮ್ಮ ಸೇವೆಯನ್ನೇ ಬಳಸಬೇಕು, ಇಲ್ಲದಿದ್ದರೆ ವಾರಂಟಿ ಇಲ್ಲ ಎಂಬ ಷರತ್ತನ್ನು ಅಮೆರಿಕದ 1975ರ ವಾರಂಟಿ ಕಾಯಿದೆ ಸಾಮಾನ್ಯವಾಗಿ ಒಪ್ಪುವುದಿಲ್ಲ. 2018ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇಂಥ ಷರತ್ತು ಹಾಕಿದ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ರಿಪೇರಿಯ ಬಗ್ಗೆಯೇ ಒಂದು ನಿರ್ದೇಶನ ಹೊರಡಿಸಿತು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಒಂದು ಪೋರ್ಟಲ್ ತೆರೆಯಿತು. ಇವೆಲ್ಲ ಹೆಚ್ಚಾಗಿ ಫೋನು, ಫ್ರಿಜ್ಜು, ಟ್ರ್ಯಾಕ್ಟರುಗಳ ಸುತ್ತ ನಡೆಯುತ್ತಿರುವ ಮಾತು. ಸಾಗರದಾಚೆ ಇಬ್ಬರು ಕೂತು ಮಾಡುವ ಪೆಡಲಿನ ಹತ್ತಿರ ಯಾವ ಗ್ರಾಹಕ ನ್ಯಾಯಾಲಯದ ನೋಟಿಸೂ ಹೋಗುವುದಿಲ್ಲ. ಅಲ್ಲಿಗೆ ಮುಟ್ಟಬಲ್ಲದ್ದು ಕೊಳ್ಳುವವರ ಪ್ರಶ್ನೆ ಒಂದೇ.

ಪ್ರಶ್ನೆ ಕೇಳುವುದನ್ನು ನಾವೇ ಬಿಟ್ಟಿದ್ದೇವೆ. ಕೆಟ್ಟಿತು ಎಂದು ಒಬ್ಬರು ಹೇಳಿದರೆ ಹತ್ತು ಜನ ಮಾಡಿದವರ ಪರವಾಗಿ ಹೊಡೆದಾಡಲು ಬರುತ್ತಾರೆ. ‘ನನ್ನದು ಚೆನ್ನಾಗಿದೆ’ ಎನ್ನುತ್ತಾರೆ. ಅಷ್ಟು ಹಣ ಸುರಿದವರಿಗೆ ಚೆನ್ನಾಗಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಸಾಹಿತ್ಯದವರು ಇದನ್ನು ಓದಿ ನಗುವ ಹಾಗಿಲ್ಲ. ಸಣ್ಣ ಪ್ರಕಾಶನ, ಸೀಮಿತ ಪ್ರತಿ, ಲೇಖಕರ ಸಹಿ ಎಂದು ಹೆಚ್ಚು ಬೆಲೆಗೆ ಕೊಂಡ ಪುಸ್ತಕದ ಹಾಳೆಗಳು ಎರಡನೆಯ ಓದಿಗೆ ಕಿತ್ತು ಬಂದಾಗ, ಪುಟಕ್ಕೆರಡು ಅಚ್ಚಿನ ತಪ್ಪು ಕಂಡಾಗ, ‘ಪಾಪ, ಪ್ರೀತಿಯಿಂದ ಮಾಡಿದ್ದಾರೆ’ ಎಂದು ಸುಮ್ಮನಾಗುವವರು ನಾವೇ. ಪ್ರೀತಿಯಿಂದ ಮಾಡಿದ್ದರೆ ಕರಡು ತಿದ್ದುತ್ತಿದ್ದರು, ಹೊಲಿಗೆ ಹಾಕಿಸುತ್ತಿದ್ದರು.

ಹಾಗಾಗಿ ಬೂಟಿಕ್ ಎಂದು ಹೇಳಿಕೊಳ್ಳುವವರ ಮುಂದೆ ಇಡಬೇಕಾದ ಪ್ರಶ್ನೆಗಳು ಸರಳವಾಗಿವೆ. ಒಳಗಿರುವ ಪಾಟ್ ಯಾವುದು, ಎಷ್ಟು ಸುತ್ತು ಬಾಳುತ್ತದೆ? ಬೆರಳು ತುದಿಗೆ ಜೋಡಣೆಯಾಗಿದೆಯೋ ಉಂಗುರಕ್ಕೋ? ಕೆಟ್ಟರೆ ಊರಿನ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದ ಸರಿಮಾಡಬಹುದೇ? ತೆರೆದರೆ ಕೋಪಿಸಿಕೊಳ್ಳುತ್ತೀರಾ? ಬಿಡಿಭಾಗವನ್ನು ಬೇರೆಯಾಗಿ ಮಾರುತ್ತೀರಾ? ಹಣ ಕೊಡುವ ಮೊದಲು ಕೇಳಬೇಕು, ಬರೆದು ಕೇಳಬೇಕು, ಬಂದ ಉತ್ತರವನ್ನು ಹತ್ತು ಜನರಿಗೆ ಓದಿ ಹೇಳಬೇಕು. ನೆಟ್ಟಗೆ ಉತ್ತರ ಕೊಡುವ ಸಣ್ಣ ಕಸುಬುದಾರರು ಖಂಡಿತ ಇದ್ದಾರೆ. ಉತ್ತರ ಕೊಡದವರ ಪಕ್ಕದಲ್ಲಿ ಅವರನ್ನೂ ಒಂದೇ ಪದದಿಂದ ಕರೆಯುವುದು ಅವರಿಗೆ ಮಾಡುವ ಅವಮಾನ. ಉತ್ತರದ ಬದಲು ತಮ್ಮ ಶೆಡ್ಡಿನ, ತಮ್ಮ ನಾಯಿಯ, ತಮ್ಮ ಕಾಫಿ ಮಗ್ಗಿನ ಚೆಂದದ ಫೋಟೋ ಕಳಿಸುವವರಿಗೆ ನಮಸ್ಕಾರ ಹೇಳಿ, ಕಾರ್ಖಾನೆಯ ಪ್ಲಾಸ್ಟಿಕ್ ಪೆಡಲನ್ನೇ ಕೊಳ್ಳಿ. ಅದು ಕೆಟ್ಟರೆ ಕೆಟ್ಟಿತು ಎಂದು ಹೇಳಲು ಯಾವ ಮುಜುಗರವೂ ಇರುವುದಿಲ್ಲ.